ಸಂಕ್ರಾಂತಿಯ ಸೆಟ್ಟಿಂಗ್ ಯುಗಾದಿಗೆ ನಿಲ್ಲುವುದಿಲ್ಲ: ಎಂಎಸ್‌ಐ ಆಫ್ಟರ್‌ಬರ್ನರ್ ಜೊತೆ ಒಂದು ವರ್ಷ

ಮೈಸೂರಿನ ಕುವೆಂಪುನಗರದಲ್ಲಿ, ನೇರ ಆರ್‌ಸಿಸಿ ಚಾವಣಿಯ ಕೆಳಗಿರುವ ಮಹಡಿಯ ಕೋಣೆಯೊಂದರಲ್ಲಿ ಕುಳಿತು, ಮನೆಗಳ ಒಳಾಂಗಣ ವಿನ್ಯಾಸದ ಚಿತ್ರಗಳನ್ನು ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದಲ್ಲಿ ರೆಂಡರ್ ಮಾಡಿಕೊಡುವುದು, ಅಂದರೆ ಮಾದರಿಯಿಂದ ಅಂತಿಮ ಚಿತ್ರವನ್ನು ಕಂಪ್ಯೂಟರಿನಿಂದ ಮೂಡಿಸಿಕೊಡುವುದು ನನ್ನ ವೃತ್ತಿ. ಅದಕ್ಕೆ ಆಧಾರವಾಗಿರುವುದು 2021ರಲ್ಲಿ ಮಾರುಕಟ್ಟೆಗೆ ಬಂದ, 12 ಜಿಬಿ ಮೆಮೊರಿಯ ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು. ಹೊಸ ಕಾರ್ಡು ಕೊಳ್ಳುವ ಮೊದಲು ಇರುವುದರಿಂದಲೇ ಇನ್ನಷ್ಟು ಕೆಲಸ ತೆಗೆಯಬಹುದೇ ಎಂದು ನೋಡಲು ಕಳೆದ ವರ್ಷ, ಕಾರ್ಡಿನ ವೇಗ, ವೋಲ್ಟೇಜ್‌ಗಳನ್ನು ಅಳೆದು ಬದಲಿಸಲು ಬಿಡುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶವನ್ನು ಹಾಕಿಕೊಂಡೆ. ಒಂದು ಚಳಿಗಾಲ, ಒಂದು ಬೇಸಿಗೆ, ಒಂದು ಮಳೆಗಾಲ ಅದನ್ನು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಇದು ಉಚಿತ ತಂತ್ರಾಂಶ. ಹೆಸರಿನಲ್ಲಿ ಕಾರ್ಡು ತಯಾರಿಸುವ ಎಂಎಸ್‌ಐ ಕಂಪನಿ ಇದ್ದರೂ ಯಾವ ಕಂಪನಿಯ ಕಾರ್ಡಿನೊಂದಿಗೂ, ಎನ್‌ವಿಡಿಯಾ ಮತ್ತು ಎಎಂಡಿ ಎರಡರ ಚಿಪ್ಪುಗಳೊಂದಿಗೂ ಕೆಲಸ ಮಾಡುತ್ತದೆ. ಇದರ ಮೂಲ ರಿವಾಟ್ಯೂನರ್ ಎಂಬ ಹಳೆಯ ತಂತ್ರಾಂಶದಲ್ಲಿದ್ದು, ಅದನ್ನು ಬರೆದ ಅಲೆಕ್ಸೀ ನಿಕೊಲಾಯ್ಚುಕ್ ಅವರೇ ಇದನ್ನೂ ಬೆಳೆಸಿದ್ದಾರೆ. ರಷ್ಯಾದಲ್ಲಿರುವ ಅವರಿಗೆ ಉಕ್ರೇನ್ ಯುದ್ಧದ ಬಳಿಕ ಎಂಎಸ್‌ಐನ ಹಣ ಸಂದಾಯ ನಿಂತು ಹೋಗಿ, 2023ರ ಆರಂಭದಲ್ಲಿ ಇದರ ಅಭಿವೃದ್ಧಿಯೇ ನಿಂತೀತೆಂಬ ಆತಂಕ ಹುಟ್ಟಿತ್ತು; ಆದರೆ ಆ ಬಳಿಕವೂ ಹೊಸ ಆವೃತ್ತಿ ಬಂದಿದೆ.

ಓವರ್‌ಕ್ಲಾಕ್ ಎಂದರೆ ಚಿಪ್ಪಿನ ಕ್ಲಾಕ್ ವೇಗವನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಮೇಲಕ್ಕೆ ಏರಿಸುವುದು. ನನ್ನ ಕಾರ್ಡಿನ ನಿಗದಿತ ಬೂಸ್ಟ್ ವೇಗ, ಅಂದರೆ ಕೆಲಸದ ಹೊರೆ ಬಿದ್ದಾಗ ಏರುವ ವೇಗ, 1777 ಮೆಗಾಹರ್ಟ್ಸ್. ಆದರೆ 2012ರಿಂದ ಎನ್‌ವಿಡಿಯಾ ಕಾರ್ಡುಗಳಲ್ಲಿರುವ ಜಿಪಿಯು ಬೂಸ್ಟ್ ವ್ಯವಸ್ಥೆಯು ತಾಪಮಾನ ಮತ್ತು ವಿದ್ಯುತ್ ಬಳಕೆಯಲ್ಲಿ ಅವಕಾಶವಿರುವಷ್ಟು ವೇಗವನ್ನು ತಾನಾಗಿಯೇ ಏರಿಸುತ್ತದೆ. ಹೀಗಾಗಿ ನಾನು ಏನನ್ನೂ ಮುಟ್ಟದಿದ್ದಾಗಲೂ ಅದು 1900ರ ಆಸುಪಾಸಿನಲ್ಲಿ ಓಡುತ್ತಿತ್ತು. ನಮ್ಮ ಪಾಲಿಗೆ ಉಳಿಯುವುದು ಸ್ವಲ್ಪವೇ ಎಂಬುದನ್ನು ಮೊದಲೇ ತಿಳಿದುಕೊಂಡರೆ ದುರಾಸೆಯಿಂದಾಗುವ ಅನಾಹುತಗಳು ಕಡಿಮೆಯಾಗುತ್ತವೆ. ಎಲ್ಲ ಪ್ರಯತ್ನದ ಕೊನೆಗೆ, ಕಾರ್ಡಿನ ಸಾಮರ್ಥ್ಯ ಅಳೆಯುವ ತ್ರೀಡಿಮಾರ್ಕ್‌ ತಂತ್ರಾಂಶದ ಟೈಮ್ ಸ್ಪೈ ಪರೀಕ್ಷೆಯಲ್ಲಿ ನನ್ನ ಗ್ರಾಫಿಕ್ಸ್ ಅಂಕ ಸುಮಾರು 8,700ರಿಂದ 9,200ಕ್ಕೆ ಏರಿತು. 40 ನಿಮಿಷ ಹಿಡಿಯುತ್ತಿದ್ದ ರೆಂಡರ್ 38 ನಿಮಿಷಕ್ಕೆ ಇಳಿಯಿತು.

ಆಫ್ಟರ್‌ಬರ್ನರ್‌ನ ನಿಜವಾದ ಬೆಲೆ ವೇಗ ಏರಿಳಿಸಲು ಜರುಗಿಸುವ ಅದರ ಸ್ಲೈಡರ್‌ಗಳಲ್ಲಿಲ್ಲ, ಅಳತೆಯಲ್ಲಿದೆ. ಕೋರ್ (ಲೆಕ್ಕ ಮಾಡುವ ಮುಖ್ಯ ಚಿಪ್ಪು) ವೇಗ, ವೋಲ್ಟೇಜ್, ತಾಪಮಾನ, ವಿದ್ಯುತ್ ಬಳಕೆ, ಫ್ಯಾನ್ ವೇಗ ಇವೆಲ್ಲವನ್ನೂ ಕ್ಷಣಕ್ಷಣಕ್ಕೂ ಗ್ರಾಫ್ ಆಗಿ ತೋರಿಸುತ್ತದೆ, ಬೇಕೆಂದರೆ ಕಡತದಲ್ಲಿ ಬರೆದಿಡುತ್ತದೆ. ನಾನು ಮೊದಲ ವಾರ ಯಾವ ಸ್ಲೈಡರನ್ನೂ ಮುಟ್ಟದೆ, ದಿನದ ಬೇರೆ ಬೇರೆ ಹೊತ್ತಿನಲ್ಲಿ ಕಾರ್ಡು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ದಾಖಲಿಸಿದೆ. ಆ ವಾರದ ದಾಖಲೆ ಇಲ್ಲದಿದ್ದರೆ ಮುಂದೆ ಬಂದ ತೊಂದರೆಯ ಕಾರಣ ನನಗೆ ತಿಳಿಯುತ್ತಲೇ ಇರಲಿಲ್ಲ.

ಅನಂತರ ಕೋರ್ ವೇಗವನ್ನು 15 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಏರಿಸಿದೆ. ಚಿಪ್ಪು ತಾನೇ ಏರಿಳಿಯುವುದು ಅದೇ ಅಳತೆಯ ಮೆಟ್ಟಿಲುಗಳಲ್ಲಿ ಆದ್ದರಿಂದ ಅದಕ್ಕಿಂತ ಚಿಕ್ಕ ಹೆಜ್ಜೆಯಿಂದ ಲಾಭವಿಲ್ಲ. ಪ್ರತಿ ಮೆಟ್ಟಿಲಿನಲ್ಲೂ ಸೂಪರ್‌ಪೊಸಿಷನ್ ಎಂಬ ತಂತ್ರಾಂಶದಿಂದ ಕಾರ್ಡಿನ ಪರೀಕ್ಷೆ ನಡೆಸಿ, ಕೋರ್ ವೇಗ ಒಂದು ಕಡೆ ನೆಲೆಗೊಂಡ ಮೇಲೆಯೇ ಮೆಮೊರಿಯ ಕಡೆಗೆ ಹೋದೆ. ಎರಡನ್ನೂ ಒಟ್ಟಿಗೆ ಏರಿಸಿದರೆ ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಬಂದಾಗ ದೋಷ ಯಾವುದರದ್ದೆಂದು ಹೇಳಲಾಗದು. ಮೆಮೊರಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ನನ್ನ ಕಾರ್ಡು ಮೆಮೊರಿ ಚಿಪ್ಪುಗಳ ತಾಪಮಾನವನ್ನು ತಂತ್ರಾಂಶಕ್ಕೆ ತಿಳಿಸುವುದೇ ಇಲ್ಲ. ಆಫ್ಟರ್‌ಬರ್ನರ್‌ನಲ್ಲಿ ಕಾಣುವುದು ಕೋರ್‌ನ ತಾಪಮಾನ. ಕಾಣದ ಬಿಸಿಯನ್ನು ಊಹಿಸಿಕೊಂಡು ನಡೆಯಬೇಕಾದ್ದರಿಂದ ಮೆಮೊರಿಯ ವೇಗವನ್ನು ಮಿತವಾಗಿ ಏರಿಸುವುದೇ ಸರಿ.

ಕಳೆದ ಸಂಕ್ರಾಂತಿಯ ವಾರಕ್ಕೆ ನಾನು ತಲುಪಿದ ಸೆಟ್ಟಿಂಗ್ ಹೀಗಿತ್ತು: ಕೋರ್ 135, ಮೆಮೊರಿ 800 ಮೆಗಾಹರ್ಟ್ಸ್ ಹೆಚ್ಚು. ಟೈಮ್ ಸ್ಪೈನ 20 ಸುತ್ತಿನ ಸ್ಟ್ರೆಸ್ ಟೆಸ್ಟಿನಲ್ಲಿ ಉತ್ತೀರ್ಣವಾಗಲು ಫ್ರೇಮ್ ದರದ ಸ್ಥಿರತೆ 97 ಶೇಕಡಾ ಇರಬೇಕು. ಅದನ್ನು ಸಲೀಸಾಗಿ ದಾಟಿತು. ರಾತ್ರಿಯಿಡೀ ರೆಂಡರ್‌ಗೆ ಹಾಕಿದರೂ ಕಾರ್ಡು 66 ಡಿಗ್ರಿ ಮೀರುತ್ತಿರಲಿಲ್ಲ. ಎರಡು ತಿಂಗಳು ಒಂದು ದೋಷವೂ ಕಾಣಲಿಲ್ಲವಾದ್ದರಿಂದ ವಿಂಡೋಸ್ ಆರಂಭವಾದಾಗ ಸೆಟ್ಟಿಂಗ್ ತಾನಾಗಿ ಅನ್ವಯವಾಗುವ ಗುಂಡಿಯನ್ನೂ ಒತ್ತಿಟ್ಟೆ.

ಯುಗಾದಿಯ ಹೊತ್ತಿಗೆ, ಪಶ್ಚಿಮದ ಗೋಡೆ ಕಾದು ಕೋಣೆಯೊಳಗೆ 34 ಡಿಗ್ರಿ ಇದ್ದ ಒಂದು ಮಧ್ಯಾಹ್ನ, ಗ್ರಾಹಕರೊಬ್ಬರಿಗೆ ಸಂಜೆ ಕೊಡಬೇಕಿದ್ದ ರೆಂಡರ್ ನಡುವೆಯೇ ನಿಂತಿತು. ಪರದೆ ಕಪ್ಪಾಗಿ, ಒಂದು ಕ್ಷಣದ ಬಳಿಕ ಮರಳಿತು. ಜಿಪಿಯು, ಅಂದರೆ ಕಾರ್ಡಿನ ಗ್ರಾಫಿಕ್ಸ್ ಚಿಪ್ಪು, ಎರಡು ಸೆಕೆಂಡು ಉತ್ತರಿಸದಿದ್ದರೆ ವಿಂಡೋಸ್ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಮರುಚಾಲನೆ ಮಾಡುತ್ತದೆ, ಆದದ್ದು ಅದೇ. ಅದಕ್ಕಿಂತ ನನ್ನನ್ನು ಹೆಚ್ಚು ಕಂಗೆಡಿಸಿದ್ದು, ಅದಕ್ಕೂ ಮೊದಲು ಮುಗಿದಿದ್ದ ಎರಡು ಫ್ರೇಮ್‌ಗಳಲ್ಲಿ ಕಂಡ ಕಪ್ಪು ಚೌಕಗಳು. ಕಾರ್ಡು ತಪ್ಪು ಲೆಕ್ಕ ಮಾಡಿಯೂ ಮುಂದೆ ಸಾಗಿತ್ತು. ಆಟದಲ್ಲಿ ಇಂಥ ಚೌಕ ಕ್ಷಣದಲ್ಲಿ ಮಾಯವಾಗುತ್ತದೆ. ಗ್ರಾಹಕರಿಗೆ ಒಪ್ಪಿಸುವ ಚಿತ್ರದಲ್ಲಿ ಉಳಿದುಬಿಡುತ್ತದೆ.

ದಾಖಲೆ ತೆರೆದು ನೋಡಿದರೆ ಕಾರ್ಡಿನ ತಾಪಮಾನ 79 ಡಿಗ್ರಿ. ಕೋಣೆಯ ಬಿಸಿ ಏರಿದಷ್ಟೂ ಕಾರ್ಡಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಏಕೆಂದರೆ ಚಿಪ್ಪಿನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ತಣಿಯುವುದು ಆ ಕೋಣೆಯ ಗಾಳಿಯಿಂದಲೇ. 79 ಡಿಗ್ರಿ ಈ ಚಿಪ್ಪಿಗೆ ಅಪಾಯದ ಮಟ್ಟವಲ್ಲ. ಎನ್‌ವಿಡಿಯಾ ಹೇಳುವ ಗರಿಷ್ಠ ಮಿತಿ 93 ಡಿಗ್ರಿ. ಆದರೆ ಚಿಪ್ಪು ಬಿಸಿಯಾದಂತೆ ಒಂದೇ ವೋಲ್ಟೇಜಿನಲ್ಲಿ ಅದು ತಪ್ಪಿಲ್ಲದೆ ಓಡಬಲ್ಲ ಗರಿಷ್ಠ ವೇಗ ಕುಗ್ಗುತ್ತದೆ, ಸೋರಿಕೆ ವಿದ್ಯುತ್ತೂ ಹೆಚ್ಚುತ್ತದೆ. ತಯಾರಕರು ಈ ಕಾರಣಕ್ಕಾಗಿಯೇ ಒಂದಿಷ್ಟು ಅಂತರ ಬಿಟ್ಟಿರುತ್ತಾರೆ. ಜನವರಿಯ ತಂಪಿನಲ್ಲಿ ಪರೀಕ್ಷಿಸಿದ ನಾನು ಆ ಅಂತರವನ್ನೆಲ್ಲ ಬಳಸಿಕೊಂಡಿದ್ದೆ, ಬೇಸಿಗೆಗೆ ಏನನ್ನೂ ಉಳಿಸಿರಲಿಲ್ಲ. ಅಂತರ್ಜಾಲದಲ್ಲಿ ಸಿಗುವ ಓವರ್‌ಕ್ಲಾಕ್ ಅಂಕಿಗಳಲ್ಲಿ ಬಹಳಷ್ಟು ಹವಾನಿಯಂತ್ರಿತ ಕೋಣೆಗಳಲ್ಲಿ ಅಥವಾ ಚಳಿ ದೇಶಗಳಲ್ಲಿ ಕಂಡುಕೊಂಡವು. ಮೈಸೂರಿನ ಹವೆ ಹಿತವೆಂಬ ಮಾತು ನಿಜವಾದರೂ ಏಪ್ರಿಲ್‌ನ ಮಹಡಿ ಕೋಣೆಗೆ ಅದು ಅನ್ವಯಿಸದು. ಮಂಡ್ಯದಲ್ಲಿರುವ ನನ್ನ ಸ್ನೇಹಿತರ ಕಾರ್ಡಿನಲ್ಲಿ ಬಿಸಿಯ ಜೊತೆಗೆ ದೂಳಿನ ತೊಂದರೆಯೂ ಇದೆ. ಹತ್ತಿರದ ಆಲೆಮನೆಯ ಹೊಗೆಯ ಜಿಡ್ಡು ಹೀಟ್‌ಸಿಂಕಿನ ರೆಕ್ಕೆಗಳಿಗೆ ಅಂಟಿ, ಅದರ ಮೇಲೆ ದೂಳು ಕೂತು, ಗಾಳಿಯ ದಾರಿಯೇ ಮುಚ್ಚುತ್ತದೆ. ಅಲ್ಲಿ ಓವರ್‌ಕ್ಲಾಕಿನ ಮಾತಿಗೆ ಮೊದಲು ಸ್ವಚ್ಛಗೊಳಿಸುವ ಕೆಲಸವಾಗಬೇಕು.

ಇಲ್ಲಿಯೇ ಆಫ್ಟರ್‌ಬರ್ನರ್ ತನ್ನ ಯೋಗ್ಯತೆಯನ್ನು ತೋರಿತು. ಅದರಲ್ಲಿ ಐದು ಪ್ರೊಫೈಲ್‌ಗಳನ್ನು, ಅಂದರೆ ಸೆಟ್ಟಿಂಗ್‌ಗಳ ಗುಂಪುಗಳನ್ನು, ಉಳಿಸಿಟ್ಟುಕೊಳ್ಳಬಹುದು. ನನ್ನ ಮೊದಲನೆಯದು ಚಳಿಗಾಲದ್ದು. ಎರಡನೆಯದು ಮಳೆಗಾಲದ್ದು, ಅದರಲ್ಲಿ ಕೋರ್ ಏರಿಕೆ 75ಕ್ಕೆ, ಮೆಮೊರಿ ಏರಿಕೆ 400ಕ್ಕೆ ಇಳಿದಿದೆ. ಮೂರನೆಯದಾದ ಬೇಸಿಗೆಯ ಪ್ರೊಫೈಲ್ ಓವರ್‌ಕ್ಲಾಕೇ ಅಲ್ಲ, ಅಂಡರ್‌ವೋಲ್ಟ್, ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜನ್ನು ಇಳಿಸುವುದು. ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುವ ವೋಲ್ಟೇಜ್ ರೇಖೆಯಲ್ಲಿ 900 ಮಿಲಿವೋಲ್ಟ್‌ಗೆ 1860 ಮೆಗಾಹರ್ಟ್ಸ್ ನಿಗದಿಪಡಿಸಿ, ಅಲ್ಲಿಂದ ಮುಂದಿನ ರೇಖೆಯನ್ನು ಸಪಾಟಾಗಿಸಿದ್ದೇನೆ. ಚಿಪ್ಪಿನ ವಿದ್ಯುತ್ ಬಳಕೆಯ ದೊಡ್ಡ ಪಾಲು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, 1.05 ವೋಲ್ಟ್‌ನಿಂದ 0.9ಕ್ಕೆ ಇಳಿದರೆ ಆ ಪಾಲು ಕಾಲುಭಾಗದಷ್ಟು ಕಡಿಮೆಯಾಗುತ್ತದೆ. ವೇಗದಲ್ಲಿ ನಾನು ಕಳೆದುಕೊಂಡದ್ದು ಗಮನಕ್ಕೆ ಬಾರದಷ್ಟು. ಅದೇ ಕೋಣೆ, ಅದೇ ಮಧ್ಯಾಹ್ನ, ಕಾರ್ಡು 70 ಡಿಗ್ರಿಯಲ್ಲಿ ನಿಂತಿತು, ಫ್ಯಾನಿನ ಸದ್ದೂ ತಗ್ಗಿತು. ನನ್ನ ಅಭಿಪ್ರಾಯದಲ್ಲಿ ನಮ್ಮ ಭಾಗದವರಿಗೆ ಈ ತಂತ್ರಾಂಶದ ಅತಿ ಉಪಯುಕ್ತ ಭಾಗ ಈ ರೇಖೆಯೇ.

ಕಾರ್ಡು ಬಳಸಬಹುದಾದ ವಿದ್ಯುತ್ತಿನ ಮಿತಿಯನ್ನು ನಿಗದಿಪಡಿಸುವ ಪವರ್ ಲಿಮಿಟ್ ಸ್ಲೈಡರ್ ಬಗ್ಗೆ ಒಂದು ಮಾತು. ಈ ಕಾರ್ಡಿನ ನಿಗದಿತ ಬಳಕೆ 170 ವಾಟ್. ಎಂಟು ಪಿನ್ನಿನ ಕನೆಕ್ಟರ್ 150, ಮದರ್‌ಬೋರ್ಡಿನ ಸ್ಲಾಟ್ 75 ವಾಟ್ ಕೊಡಬಲ್ಲವಾದ್ದರಿಂದ ಲಿಮಿಟನ್ನು ಹತ್ತು ಶೇಕಡಾ ಏರಿಸುವುದು ಕಾರ್ಡಿಗೆ ಭಾರವಲ್ಲ. ಆದರೆ ಯುಪಿಎಸ್‌ನ ಲೆಕ್ಕ ಬೇರೆ. ನನ್ನ 600 ವಿಎ ಯುಪಿಎಸ್ ಹೊರಬಲ್ಲದ್ದು 360 ವಾಟ್ ಮಾತ್ರ. ಏಪ್ರಿಲ್ ಸಂಜೆಯ ಗುಡುಗು ಮಳೆಗೆ ಕರೆಂಟು ಹೋದಾಗ, ಪ್ರೊಸೆಸರ್, ಮಾನಿಟರ್ ಸೇರಿದ ನನ್ನ ಹೊರೆ ಆ ಗಡಿ ದಾಟಿ, ಯುಪಿಎಸ್ ಅರಚಿ ಆರಿಹೋಯಿತು. ಲಿಮಿಟನ್ನು ಮರಳಿ ನೂರಕ್ಕೆ ತಂದಿದ್ದೇನೆ.

ಕೊರತೆಗಳೂ ಇವೆ. ತಂತ್ರಾಂಶದ ಮೂಲ ಸ್ಕಿನ್‌ನಲ್ಲಿ (ಪರದೆಯ ಹೊರನೋಟದಲ್ಲಿ) ಅಕ್ಷರಗಳು ಕಣ್ಣಿಗೆ ಶ್ರಮವಾಗುವಷ್ಟು ಚಿಕ್ಕವು. ಸೆಟ್ಟಿಂಗ್‌ನಲ್ಲಿ ಬೇರೆ ಸ್ಕಿನ್ ಆರಿಸಿಕೊಳ್ಳಬೇಕು. ಕನ್ನಡದ ಆಯ್ಕೆ ಇಲ್ಲ. ತಾನಾಗಿ ವೇಗ ಹುಡುಕಿಕೊಡುವ ಓಸಿ (ಓವರ್‌ಕ್ಲಾಕ್) ಸ್ಕ್ಯಾನರ್ ಹೊಸಬರಿಗೆ ಒಳ್ಳೆಯ ಆರಂಭ, ಆದರೆ ಅದು ಕೊಡುವ ಉತ್ತರವೂ ಆ ದಿನದ ಹವೆಯ ಉತ್ತರವೇ. ಎನ್‌ವಿಡಿಯಾ ಆ್ಯಪ್‌ನಲ್ಲೂ ಸ್ವಯಂಚಾಲಿತ ಟ್ಯೂನಿಂಗ್ ಇದೆ, ಅದು ಸರಳವೂ ಹೌದು. ಆದರೆ ವೋಲ್ಟೇಜ್ ರೇಖೆಯನ್ನು ಕೈಯಾರೆ ತಿದ್ದುವ ಅವಕಾಶಕ್ಕಾಗಿ ನಾನು ಆಫ್ಟರ್‌ಬರ್ನರ್‌ನಲ್ಲೇ ಉಳಿಯುತ್ತೇನೆ. ಆರಂಭದಲ್ಲೇ ಅನ್ವಯಿಸುವ ಗುಂಡಿಯನ್ನು ಮಾತ್ರ ಈಗ ಒತ್ತುವುದಿಲ್ಲ. ಸೆಟ್ಟಿಂಗ್ ಕಾರ್ಡಿನೊಳಗೆ ಉಳಿಯುವುದಿಲ್ಲವಾದ್ದರಿಂದ ಕಂಪ್ಯೂಟರ್ ಮರುಚಾಲನೆಯಾದರೆ ಎಲ್ಲವೂ ಮೂಲಸ್ಥಿತಿಗೆ ಬರುತ್ತದೆ. ಆ ರಕ್ಷಣೆಯನ್ನು ನಾವಾಗಿ ಕಳೆದುಕೊಳ್ಳಬಾರದು. ಕೆಲಸಕ್ಕೆ ಕೂರುವ ಮೊದಲು ಕೋಣೆಯ ತಾಪಮಾಪಕ ನೋಡಿ ಪ್ರೊಫೈಲ್ ಆರಿಸುತ್ತೇನೆ, 30 ಡಿಗ್ರಿ ದಾಟಿದ್ದರೆ ಮೂರನೆಯದು.

ಹಾಕಿಕೊಳ್ಳುವವರು ಎಂಎಸ್‌ಐನ ಅಧಿಕೃತ ತಾಣದಿಂದ ಅಥವಾ ಗುರು3ಡಿ ತಾಣದಿಂದಲೇ ಇಳಿಸಿಕೊಳ್ಳಬೇಕು. ಇದೇ ಹೆಸರು, ಇದೇ ರೂಪದ ನಕಲಿ ತಾಣಗಳು ಮಾಲ್‌ವೇರ್ ಹರಡಿದ್ದು 2022ರಲ್ಲಿ ಬಯಲಾಗಿತ್ತು, ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತಿನ ಕೊಂಡಿಯನ್ನು ನಂಬಬೇಡಿ.