ದುಡ್ಡು ಕೊಟ್ಟು ತಗೊಂಡ ಹೆಣ್ಣುಮಕ್ಕಳ ಹೆಸರಿನ ಆ್ಯಪ್: ಐದಕ್ಕೆ ಎರಡು ಸ್ಟಾರ್

ಮಗುಗೆ ಹೆಸರು ಹುಡುಕ್ತಾ ಇರೋರು "ಪ್ರಪಂಚದ ಎಲ್ಲಾ ದೇಶದ ಹೆಣ್ಣುಮಕ್ಕಳ ಹೆಸರು, ಅರ್ಥ ಸಮೇತ" ಅಂತ ಆ್ಯಡ್ ಕೊಡೋ ಆ್ಯಪ್‌ಗಳಿಗೆ ದುಡ್ಡು ಹಾಕೋ ಮುಂಚೆ ಇದನ್ನ ಒಂದ್ಸಲ ಓದಿ. ನಾವು ತಗೊಂಡ ಆ್ಯಪ್ ಹೆಸರು ಇಲ್ಲಿ ಹಾಕ್ತಿಲ್ಲ, ಯಾಕಂದ್ರೆ ಟ್ರಯಲ್ ಇರೋ ಬೇರೆ ಕೆಲವನ್ನೂ ಇಳಿಸ್ಕೊಂಡು ನೋಡ್ದೆ, ಒಂದರಲ್ಲಿರೋ ತಪ್ಪು ಅರ್ಥ ಪದಕ್ಕೆ ಪದ ಇನ್ನೊಂದರಲ್ಲೂ ಇದೆ, ಎಲ್ಲಾರೂ ಒಂದೇ ಲಿಸ್ಟ್ ಕಾಪಿ ಹೊಡ್ದಿರೋದು ನೋಡಿದ ತಕ್ಷಣ ಗೊತ್ತಾಗತ್ತೆ. ಹಾಗಾಗಿ ಇದು ಒಂದು ಕಂಪನಿ ಮೇಲಿನ ಸಿಟ್ಟಲ್ಲ, ಈ ಜಾತಿ ಆ್ಯಪ್‌ಗಳಿಗೆಲ್ಲ ಸೇರಿಸಿ ಬರೆದ ರಿವ್ಯೂ ಅಂದ್ಕೊಳಿ.

ನಮಗೆ ಬೇಕಾಗಿದ್ದೇನು ಅಂತ ಹೇಳ್ತೀನಿ. ಅಣ್ಣ ಅತ್ತಿಗೆ ಐರ್ಲೆಂಡಿನ ಡಬ್ಲಿನ್‌ನಲ್ಲಿದಾರೆ, ಹೆಣ್ಣು ಮಗು, ಮಖಾ ನಕ್ಷತ್ರ, ಅಂದ್ರೆ ಮಾ ಮೀ ಮೂ ಮೇ. ಅಮ್ಮಂಗೆ ಈ ಅಕ್ಷರದಲ್ಲೇ ಆಗ್ಬೇಕು, ಅತ್ತಿಗೆಗೆ ನಾಳೆ ಅಲ್ಲಿನ ಸ್ಕೂಲ್ ಟೀಚರ್ ಬಾಯಲ್ಲೂ ನೆಟ್ಟಗೆ ಬರ್ಬೇಕು, ಅಣ್ಣಂಗೆ ಎರಡಕ್ಷರ ಮೂರಕ್ಷರ ದಾಟಬಾರ್ದು. ಐರ್ಲೆಂಡಲ್ಲಿ ಮಗು ಹುಟ್ಟಿ ಮೂರು ತಿಂಗಳೊಳಗೆ ರಿಜಿಸ್ಟರ್ ಮಾಡಿಸ್ಬೇಕು ಅನ್ನೋ ರೂಲ್ ಬೇರೆ. ನಾಮಕರಣದಲ್ಲಿ ಸೋದರತ್ತೆ ಅಂತ ಮಗು ಕಿವೀಲಿ ಹೆಸರು ಹೇಳ್ಬೇಕಾದೋಳು ನಾನು, ಹಾಗಾಗಿ ಆ ಹೆಸರಿಗೆ ನಿಜವಾಗ್ಲೂ ಏನರ್ಥ ಅಂತ ತಿಳ್ಕೊಳ್ಳೋ ಜವಾಬ್ದಾರೀನೂ ನಂದೇ ಅಂತ ಅನಿಸ್ತು.

ಚೆನ್ನಾಗಿರೋದನ್ನ ಮೊದಲು ಹೇಳ್ಬೇಕು. ಕನ್ನಡ ಅಕ್ಷರ ಹಾಕಿ ಫಿಲ್ಟರ್ ಮಾಡ್ಬಹುದು, ಮೀ ಅಂತ ಹಾಕಿದ್ರೆ ಮೀ ಇಂದ ಶುರುವಾಗೋದಷ್ಟೇ ಬರತ್ತೆ. ಮೈಸೂರಲ್ಲಿ ಅಮ್ಮ, ಡಬ್ಲಿನ್‌ನಲ್ಲಿ ಅತ್ತಿಗೆ, ಇಲ್ಲಿ ನಾನು, ಮೂವರೂ ಒಂದೇ ಲಿಸ್ಟಿಗೆ ಹಾರ್ಟ್ ಒತ್ತಬಹುದು, ಮೂವರೂ ಒತ್ತಿದ ಹೆಸರು ಮೇಲಕ್ಕೆ ಬರತ್ತೆ. ಈ ಒಂದು ಫೀಚರ್‌ಗೇ ಆ ಎರಡು ಸ್ಟಾರ್.

ಈಗ ಅರ್ಥದ ವಿಷಯ. ಮೈರಾ ಅನ್ನೋ ಹೆಸರು ತೆಗೀರಿ, ಈಗ ನಮ್ಮ ಕಡೆ ಪ್ಲೇಸ್ಕೂಲ್‌ಗಳಲ್ಲಿ ಈ ಹೆಸರಿನ ಮಕ್ಕಳು ಬೇಕಾದಷ್ಟಿದಾರೆ. ಆ್ಯಪ್‌ನಲ್ಲಿ ಗುಲಾಬಿ ಬಣ್ಣದ ಒಂದು ಕಾರ್ಡ್ ಬರತ್ತೆ, ಮೇಲೆ ದೊಡ್ಡದಾಗಿ ಹೆಸರು, ಕೆಳಗೆ "ಮೂಲ: ಸಂಸ್ಕೃತ", ಅದರ ಕೆಳಗೆ "ಅರ್ಥ: ಪ್ರಿಯಳಾದವಳು, ಅದ್ಭುತ", ಆಮೇಲೆ ನ್ಯೂಮರಾಲಜಿ ನಂಬರ್, ಲಕ್ಕಿ ಕಲರ್. ಮುಗೀತು. ಸಂಸ್ಕೃತದ ಯಾವ ಪದ, ಯಾವ ಧಾತು, ಎಲ್ಲಿ ಬಳಸಿದಾರೆ, ಒಂದಕ್ಷರ ಇಲ್ಲ, ಇರೋಕೂ ಸಾಧ್ಯ ಇಲ್ಲ, ಯಾಕಂದ್ರೆ ಇದು ಫುಲ್ಕ್ ಗ್ರೆವಿಲ್ ಅನ್ನೋ ಇಂಗ್ಲಿಷ್ ಕವಿ ತನ್ನ ಪ್ರೇಮ ಪದ್ಯಗಳಿಗೋಸ್ಕರ ಕಟ್ಟಿದ ಹೆಸರು, ಅವನ ಕಾಲ 1554ರಿಂದ 1628. ಹಾಗಂತ ಮೈರಾ ಕೆಟ್ಟ ಹೆಸರು ಅಂತ ನಾನು ಹೇಳ್ತಿಲ್ಲ, ಒಬ್ಬ ಕವಿ ಕಟ್ಟಿದ ಹೆಸರು ಅನ್ನೋದೇ ಎಷ್ಟು ಚೆನ್ನಾಗಿದೆ, ಅದನ್ನ ಮುಚ್ಚಿಟ್ಟು ಇಲ್ಲದ ಸಂಸ್ಕೃತ ಅಂಟಿಸೋದು ಯಾಕೆ?

ಇದೇ ಕಥೆ ವನೆಸ್ಸಾಗೂ. "ಗ್ರೀಕ್, ಚಿಟ್ಟೆ" ಅಂತ ಕೊಟ್ಟಿದಾರೆ. ಅದನ್ನ ಕಟ್ಟಿದ್ದು ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್, ತನ್ನ ಗೆಳತಿ ಎಸ್ತರ್ ವ್ಯಾನಮ್ರಿ ಹೆಸರಿನ ತುಂಡುಗಳನ್ನ ಜೋಡಿಸಿ. ಚಿಟ್ಟೆಗೆ ಆ ಹೆಸರು ಬಂದಿದ್ದು ಆಮೇಲೆ, 1807ರಲ್ಲಿ ಫ್ಯಾಬ್ರಿಸಿಯಸ್ ಅನ್ನೋ ಕೀಟ ವಿಜ್ಞಾನಿ ಒಂದು ಚಿಟ್ಟೆ ಕುಲಕ್ಕೆ ವನೆಸ್ಸಾ ಅಂತ ಇಟ್ಟಾಗ. ಅಂದ್ರೆ ಹುಡುಗಿ ಹೆಸರು ಚಿಟ್ಟೆಗೆ ಹೋಗಿರೋದು, ಆ್ಯಪ್‌ನಲ್ಲಿ ಪೂರ್ತಿ ತಿರುಗಾಮುರುಗಾ.

ನಮ್ಮ ಲಿಸ್ಟಲ್ಲಿ ಮೀಶಾ ಅಂತಾನೂ ಇತ್ತು, ಅತ್ತಿಗೆಗೆ ತುಂಬಾ ಇಷ್ಟವಾಗಿತ್ತು. ಆ್ಯಪ್ ಪ್ರಕಾರ "ನಗುಮುಖದವಳು". ರಷ್ಯಾದಲ್ಲಿ ಮೀಶಾ ಅಂದ್ರೆ ಮಿಖಾಯಿಲ್ ಅನ್ನೋ ಗಂಡಸರ ಹೆಸರಿನ ಮುದ್ದಿನ ರೂಪ, 1980ರ ಮಾಸ್ಕೋ ಒಲಿಂಪಿಕ್ಸ್ ಲಾಂಛನದ ಕರಡಿಮರಿ ಇತ್ತಲ್ಲ, ಅದರ ಹೆಸರೂ ಇದೇ. ಯುರೋಪಲ್ಲಿ ಬೆಳೆಯೋ ಹುಡುಗಿಗೆ ಇದು ಗೊತ್ತಿರ್ಲೇಬೇಕಾದ ಸಂಗತಿ. ನಿಕಿತಾನೂ ಹಾಗೇ, ನಮ್ಮಲ್ಲಿ ಹುಡುಗೀರಿಗೆ ಇಡ್ತೀವಿ, ಸಂಸ್ಕೃತದ ನಿಕೇತ ಅಂದ್ರೆ ಮನೆ ಅನ್ನೋದಕ್ಕೆ ಹೊಂದ್ಸಿ, ಆದ್ರೆ ರಷ್ಯಾದಲ್ಲಿ ಅದು ಅಪ್ಪಟ ಗಂಡು ಹೆಸರು, ಸೋವಿಯತ್ ನಾಯಕ ಕ್ರುಶ್ಚೇವ್ ಹೆಸರೇ ನಿಕಿತಾ, ಗ್ರೀಕ್‌ನಲ್ಲಿ ಗೆದ್ದವನು ಅನ್ನೋ ಪದದಿಂದ ಬಂದಿದ್ದು. ಒಂದೇ ಸದ್ದು, ಎರಡು ಬೇರೆ ಬೇರೆ ಹೆಸರು. ಇದನ್ನ ಬಿಡಿಸಿ ಹೇಳೋದೇ ಇಂಥ ಆ್ಯಪ್‌ನ ಕೆಲಸ, ಅದನ್ನೇ ಮಾಡಲ್ಲ ಅಂದ್ರೆ ದುಡ್ಡು ಯಾವುದಕ್ಕೆ ಕೊಡೋದು?

ಕಿಯಾರಾ ನಮ್ಮ ಅಕ್ಷರಕ್ಕೆ ಬರಲ್ಲ, ಆದ್ರೂ ಐರ್ಲೆಂಡ್ ಅಂತ ಹುಡುಕಿ ನೋಡ್ದೆ. ಇಟಲಿಯ ಕಿಯಾರಾ ಅಂದ್ರೆ ತಿಳಿ, ಬೆಳಕು, ಕ್ಲಾರಾ ಅನ್ನೋ ಹೆಸರಿನ ಇಟಾಲಿಯನ್ ರೂಪ ಅದು. ಐರ್ಲೆಂಡಲ್ಲಿ ಹೆಚ್ಚುಕಮ್ಮಿ ಅದೇ ಸ್ಪೆಲಿಂಗಲ್ಲಿ ಇನ್ನೊಂದು ಹೆಸರಿದೆ, ಕೀರಾ ಅಂತ ಕರೀತಾರೆ, ಅದರ ಬೇರು ಐರಿಷ್‌ನ ಕಪ್ಪು ಅನ್ನೋ ಪದ. ಒಂದು ಬೆಳಕು, ಒಂದು ಕಪ್ಪು. ಆ್ಯಪ್ ಎರಡನ್ನೂ ಒಂದೇ ಕಾರ್ಡಿಗೆ ತುರುಕಿ "ಮೂಲ: ಐರಿಷ್, ಇಟಾಲಿಯನ್, ಹಿಂದೂ" ಅಂತ ಬರೆದಿದೆ. ಹಿಂದೂ ಅನ್ನೋದು ಯಾವ ಭಾಷೆ ಸ್ವಾಮಿ?

ಉಚ್ಚಾರಣೆ ಇನ್ನೂ ಕಷ್ಟ. ಐರಿಷ್ ಹೆಸರುಗಳನ್ನ ಸ್ಪೆಲಿಂಗ್ ನೋಡಿ ಮಿಷಿನ್‌ನಲ್ಲಿ ಕನ್ನಡಕ್ಕೆ ತಿರುಗ್ಸಿರೋದ್ರಿಂದ "ಸಿಯೋಭಾನ್", "ನಿಯಾಮ್ಹ್" ಅಂತೆಲ್ಲ ಇದೆ. ಅಣ್ಣನ ಆಫೀಸಲ್ಲಿ ಆ ಹೆಸರಿನೋರು ಇದಾರಂತೆ, ಶಿವಾನ್, ನೀವ್ ಅಂತಾನೇ ಕರೆಯೋದಂತೆ. ಕನ್ನಡ ಲಿಪೀಲಿ ಇವನ್ನ ಎಷ್ಟು ಸಲೀಸಾಗಿ ಬರೀಬಹುದು ನೋಡಿ, ಬರೆದದ್ದನ್ನ ಹಾಗೇ ಓದೋ ಲಿಪಿ ನಮ್ಮದು, ಒಬ್ಬ ಮನುಷ್ಯ ಕೂತು ತಿದ್ದಿದ್ರೆ ಇಂಗ್ಲಿಷ್ ಆ್ಯಪ್‌ಗಿಂತ ನಮ್ಮದೇ ಚೆನ್ನಾಗಿರ್ತಿತ್ತು.

ಆ್ಯಪ್ ಬಿಟ್ಟು ನಾನು ಕೊನೆಗೆ ಕೂತಿದ್ದು ಬಿಹೈಂಡ್ ದ ನೇಮ್ ಅನ್ನೋ ಸೈಟಲ್ಲಿ. ಕೆನಡಾದ ಮೈಕ್ ಕ್ಯಾಂಪ್‌ಬೆಲ್ ಅನ್ನೋರು 1996ರಲ್ಲಿ ಶುರು ಮಾಡಿದ್ದು, ಫ್ರೀ, ಇಂಗ್ಲಿಷಲ್ಲಿದೆ. ಅಲ್ಲಿ ಮೀರಾ ಅಂತ ಹುಡುಕಿದ್ರೆ ಬೇರೆ ಬೇರೆ ಎಂಟ್ರಿ ಬರತ್ತೆ, ಭಾರತದ್ದು ಬೇರೆ, ಸಂಸ್ಕೃತದಲ್ಲಿ ಸಮುದ್ರ ಅನ್ನೋ ಅರ್ಥ, ರಷ್ಯನ್ ಥರದ ಸ್ಲಾವಿಕ್ ಭಾಷೆಗಳದ್ದು ಬೇರೆ, ಮಿರ್ ಅಂದ್ರೆ ಶಾಂತಿ, ಲೋಕ ಅನ್ನೋ ಪದದಿಂದ. ಮೀಆ ಅಂತ ಹಾಕಿದ್ರೆ ಮರಿಯಾದ ಚಿಕ್ಕ ರೂಪ ಅಂತ ನೇರವಾಗಿ ಹೇಳತ್ತೆ, ಇಟಾಲಿಯನ್‌ನಲ್ಲಿ "ನನ್ನದು" ಅನ್ನೋ ಪದಕ್ಕೆ ಸದ್ದು ಸೇರಿಬಂದಿದೆ ಅಷ್ಟೇ, ಆ್ಯಪ್‌ಗಳು ಮಾತ್ರ "ನನ್ನವಳು" ಅನ್ನೋದನ್ನೇ ಅರ್ಥ ಅಂತ ಮಾರ್ತವೆ. ನನಗೆ ತುಂಬಾ ಇಷ್ಟ ಆಗಿದ್ದು ಮೇರಿ ಬಗ್ಗೆ ಬರೆದಿರೋದು. ಪ್ರಪಂಚದಲ್ಲೇ ಇಷ್ಟೊಂದು ಜನ ಇಟ್ಕೊಂಡ ಹೆಸರು, ಮಿರ್ಯಾಮ್ ಅನ್ನೋ ಹಳೇ ರೂಪದಿಂದ ಬಂದು ನಮ್ಮ ಮಂಗಳೂರು ಕಡೆ ಮರಿಯಮ್ಮ ಆಗಿರೋದೂ ಇದೇ, ಆದ್ರೂ ಅದರ ಅರ್ಥ ಖಚಿತವಾಗಿ ಗೊತ್ತಿಲ್ಲ ಅಂತ ಬರೆದು, ಕಹಿ, ಬಂಡಾಯ, ಬಯಸಿ ಪಡೆದ ಮಗು, ಈಜಿಪ್ಟ್ ಮೂಲದ ಪ್ರೀತಿ ಅನ್ನೋ ಪದ, ಹೀಗೆ ಇರೋ ಊಹೆಗಳನ್ನೆಲ್ಲ ಮುಂದಿಡತ್ತೆ. ಗೊತ್ತಿಲ್ಲ ಅಂತ ಹೇಳೋ ಧೈರ್ಯ ಇರೋರು ಗೊತ್ತು ಅಂದಾಗ ನಂಬಬಹುದು. ಜನ ತಾವೇ ಸೇರಿಸೋ ಹೆಸರುಗಳನ್ನ ಬೇರೆ ಭಾಗದಲ್ಲಿ ಇಟ್ಟಿದಾರೆ, ಅಲ್ಲಿರೋದನ್ನ ಸ್ವಲ್ಪ ಹುಷಾರಾಗಿ ತಗೋಬೇಕು.

ಇನ್ನೊಂದು ಮುಖ್ಯವಾದ ವಿಷಯ, ಎಲ್ಲಾ ದೇಶದಲ್ಲೂ ಹೆಸರಿಗೆ ಒಂದು ಗೆರೆ ಅರ್ಥ ಅಂತ ಇರಲ್ಲ. ಜಪಾನಿನ ಅಕಿಕೋ ತಗೊಳಿ, ಅಲ್ಲಿನ ಕಾಂಜಿ ಲಿಪೀಲಿ ಒಂದೊಂದು ಅಕ್ಷರಕ್ಕೂ ಅರ್ಥ ಇರತ್ತೆ, ಯಾವ ಅಕ್ಷರದಲ್ಲಿ ಬರೀತಾರೆ ಅನ್ನೋದರ ಮೇಲೆ ಹೊಳೆಯೋ ಮಗುನೂ ಆಗಬಹುದು, ಶರತ್ಕಾಲದ ಮಗುನೂ ಆಗಬಹುದು, ಅಪ್ಪ ಅಮ್ಮ ಆರಿಸೋದೇ ಆ ಅಕ್ಷರವನ್ನ. ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರದ ಮೇಲೆ ಹೆಸರು, ಸೋಮವಾರ ಹುಟ್ಟಿದ್ರೆ ಅಜ್ವೋವಾ, ಗುರುವಾರ ಆದ್ರೆ ಯಾ, ಶುಕ್ರವಾರ ಆದ್ರೆ ಅಫುವಾ, 1900ರಲ್ಲಿ ಬ್ರಿಟಿಷರ ವಿರುದ್ಧ ಯುದ್ಧಕ್ಕೆ ನಿಂತ ರಾಜಮಾತೆ ಯಾ ಅಸಾಂಟೆವಾ ಹೆಸರಲ್ಲೇ ಅವಳು ಹುಟ್ಟಿದ ವಾರ ಇದೆ. ನೈಜೀರಿಯಾದ ಯೊರುಬಾ ಜನರಲ್ಲಿ ಅಜ್ಜಿ ತೀರಿಕೊಂಡ ಮೇಲೆ ಮನೇಲಿ ಹೆಣ್ಣು ಹುಟ್ಟಿದ್ರೆ ಯೆಟುಂಡೆ ಅಂತ ಇಡ್ತಾರೆ, ಅಮ್ಮ ಮತ್ತೆ ಬಂದಳು ಅಂತ. ಇದನ್ನ ಓದಿ ಅಮ್ಮಂಗೆ ಫೋನಲ್ಲಿ ಹೇಳ್ದಾಗ ಅವರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ "ನಿಂಗೆ ನಮ್ಮಮ್ಮನ ಹೆಸರು ಇಟ್ಟಿದ್ದೂ ಅದಕ್ಕೇ ಅಲ್ವೇನೇ" ಅಂದ್ರು. ಆ್ಯಪ್‌ನಲ್ಲಿ ಯೆಟುಂಡೆ ಮುಂದೆ "ಆಫ್ರಿಕನ್, ತಾಯಿ" ಅಂತಷ್ಟೇ ಇದೆ. ಇಡೀ ಆಫ್ರಿಕಾ ಒಂದು ಭಾಷೆ ಅನ್ನೋ ಹಾಗೆ.

ಚೆನ್ನಾಗಿಲ್ಲದ ಅರ್ಥಗಳನ್ನೂ ಇವರು ಒರೆಸಿ ಹಾಕಿದಾರೆ. ಸಿಸೀಲಿಯಾ ಲ್ಯಾಟಿನ್‌ನ ಕುರುಡು ಅನ್ನೋ ಪದದಿಂದ, ಕ್ಲಾಡಿಯಾ ಕುಂಟು ಅನ್ನೋದರಿಂದ, ಎರಡೂ ರೋಮನ್ ಮನೆತನದ ಹೆಸರುಗಳು. ಡೊಲೋರೆಸ್ ಅಂದ್ರೆ ಸ್ಪ್ಯಾನಿಷ್‌ನಲ್ಲಿ ದುಃಖಗಳು, ಮೇರಿಯ ದುಃಖಗಳ ನೆನಪಿಗೆ ಇಡೋದು. ಇದೆಲ್ಲ ಓದಿದ್ರೆ ಹೆಸರಿನ ಗೌರವ ಕಮ್ಮಿಯಾಗಲ್ಲ. ಖದೀಜಾ ಅಂದ್ರೆ ದಿನ ತುಂಬೋ ಮುಂಚೆ ಹುಟ್ಟಿದೋಳು ಅಂತ, ಆದ್ರೆ ಆ ಹೆಸರು ಇಡೋರು ಪ್ರವಾದಿಯವರ ಪತ್ನಿಯನ್ನ ನೆನೆಸ್ಕೊಂಡು ಇಡ್ತಾರೆ, ನಿಘಂಟು ನೋಡ್ಕೊಂಡಲ್ಲ. ನಿಜವಾಗ್ಲೂ ಭಾರವಾಗಿರೋ ಹೆಸರೂ ಇವೆ, ಮಹಾರಾಷ್ಟ್ರದಲ್ಲಿ ಹೆಣ್ಣು ಬೇಡ ಅಂತ ನಕೋಶಿ, ಅಂದ್ರೆ ಬೇಡವಾದೋಳು, ಅಂತ ಇಟ್ಟಿದ್ದ ಹುಡುಗೀರಿಗೆ 2011ರಲ್ಲಿ ಸಾತಾರಾ ಜಿಲ್ಲೇಲಿ ಸಮಾರಂಭ ಮಾಡಿ ಹೊಸ ಹೆಸರು ಕೊಟ್ರು, 200ಕ್ಕೂ ಹೆಚ್ಚು ಹುಡುಗೀರು, ಹೊಸ ಹೆಸರನ್ನ ಎಷ್ಟೋ ಮಕ್ಕಳು ತಾವೇ ಆರಿಸ್ಕೊಂಡ್ರು. ನಮ್ಮಲ್ಲೂ ಹೆಣ್ಣು ಸಾಕು ಅಂತ ಸಾಕಮ್ಮ ಅಂತ ಇಡ್ತಿದ್ದ ಕಾಲ ಇತ್ತು. ಅದೇ ಹೆಸರಿನ ಹೆಣ್ಣುಮಗಳೊಬ್ರು ಬೆಂಗಳೂರಲ್ಲಿ ಕಾಫಿಪುಡಿ ಸಾಕಮ್ಮ ಅಂತ ಮನೆಮಾತಾದ್ರು.

ಅಂದಹಾಗೆ ಆ್ಯಪ್‌ನ ಕನ್ನಡ ವಿಭಾಗ ತೆಗೆದ್ರೆ ಬರೀ ಸಂಸ್ಕೃತ ಹೆಸರುಗಳೇ, ಅದರಲ್ಲೂ ಅರ್ಧಕ್ಕೆ "ಲಕ್ಷ್ಮಿ ದೇವಿ", ಇನ್ನರ್ಧಕ್ಕೆ "ದೇವರ ವರ". ಹೊನ್ನಮ್ಮ, ಅಬ್ಬಕ್ಕ, ಚೆನ್ನಮ್ಮ, ಓಬವ್ವ, ತಿಮ್ಮಕ್ಕ ಒಂದೂ ಇಲ್ಲ. ಮಕ್ಕಳಿಗೆ ಈಗ ಯಾರೂ ಇಡಲ್ಲ ಅನ್ಬಹುದು, ಇಡದೇ ಇದ್ರೂ ಪರ್ವಾಗಿಲ್ಲ, ಕನ್ನಡ ಅಂತ ಬೋರ್ಡ್ ಹಾಕಿದ ಮೇಲೆ ಒಳಗೆ ಕನ್ನಡ ಇರ್ಬೇಕು.

ಕೊನೆಗೆ ಮಾಯಾ, ಮೀರಾ ಎರಡು ಉಳೀತು. ಮಾಯಾ ಪರವಾಗಿ ನಾನು ತುಂಬಾ ವಾದ ಮಾಡ್ದೆ, ಬುದ್ಧನ ತಾಯಿ ಮಾಯಾದೇವಿ, ಗ್ರೀಕ್ ಪುರಾಣದಲ್ಲಿ ದೇವತೆ ಹರ್ಮಿಸ್‌ನ ತಾಯಿ ಮಾಯಾ, ಅದು ನಮ್ಮ ಪದಕ್ಕೆ ಸಂಬಂಧ ಇಲ್ಲದ ಬೇರೆ ಹೆಸರು, ಮತ್ತೆ ಅಮೆರಿಕದ ಲೇಖಕಿ ಮಾಯಾ ಏಂಜಲೋ, ಅವರ ನಿಜವಾದ ಹೆಸರು ಮಾರ್ಗರೀಟ್, ಚಿಕ್ಕವರಿದ್ದಾಗ ಅವರಣ್ಣ "ಮೈ ಸಿಸ್ಟರ್" ಅಂತ ಕರೆಯೋಕೆ ಹೋಗಿ ಅದೇ ಮಾಯಾ ಆಗಿ ನಿಂತಿದ್ದು. ಆದ್ರೆ ಅಮ್ಮಂಗೆ ಮಾಯೆ ಅಂದ್ರೆ ಮಾಯೆನೇ, ಒಪ್ಲಿಲ್ಲ. ಮೀರಾ ಆಯ್ತು. ಅಕ್ಕಿ ಹರಡಿದ ತಟ್ಟೇಲಿ ಅಣ್ಣ ಉಂಗುರದಲ್ಲಿ ಬರೆದಾಗ ದೀರ್ಘ ಮರೆತು "ಮಿರಾ" ಅಂತ ಬರೆದಿದ್ದ, ಪುರೋಹಿತರು ವಿಡಿಯೋ ಕಾಲಲ್ಲೇ ನೋಡಿ ತಿದ್ದಿಸಿದ್ರು.

ಈಗಾಗ್ಲೇ ಆ್ಯಪ್ ತಗೊಂಡಿದ್ರೆ ಅಕ್ಷರದ ಫಿಲ್ಟರ್ ಮತ್ತೆ ಆ ಫ್ಯಾಮಿಲಿ ಲಿಸ್ಟ್ ಬಳಸ್ಕೊಳಿ, ಅರ್ಥ ಮಾತ್ರ ಬೇರೆ ಕಡೆ ನೋಡಿ, ಸಂಸ್ಕೃತ ಅಂದಿದ್ರೆ ಒಂದು ನಿಘಂಟು ತೆಗೆದು ಪದ ಇದ್ಯಾ ಅಂತ ಹುಡುಕಿ, ಬೇರೆ ದೇಶದ ಹೆಸರಾದ್ರೆ ಆ ಭಾಷೆ ಮಾತಾಡೋ ಒಬ್ಬರ ಬಾಯಲ್ಲಿ ಹೇಳಿಸಿ ಕೇಳಿ. ಹೆಸರು ಫಿಕ್ಸ್ ಆದ ದಿನಾನೇ ಪ್ಲೇ ಸ್ಟೋರ್‌ಗೆ ಹೋಗಿ ಸಬ್‌ಸ್ಕ್ರಿಪ್ಷನ್ ಕ್ಯಾನ್ಸಲ್ ಮಾಡಿ, ಆ್ಯಪ್ ಡಿಲೀಟ್ ಮಾಡಿದ್ರೆ ಸಾಕಾಗಲ್ಲ, ಆಟೋ ರಿನ್ಯೂ ಆಗ್ತಾನೇ ಇರತ್ತೆ.