ಬಾಬಿನ್ ಕೇಸಿಗೆ 65, ಪೋಸ್ಟಿಗೆ 120

ನಾನು ಉಡುಪಿ ಅಂಬಲಪಾಡಿಯಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಲಾಕ್‌ಡೌನಿನಲ್ಲಿ ಒಂದು ಸೂಜಿ ಪ್ಯಾಕೆಟಿಗೆ ಒದ್ದಾಡಿದಾಗ ಮಗಳು ಈ ಆ್ಯಪ್ ಹಾಕಿಕೊಟ್ಟಳು. ಬೇರೆ ಬೇರೆ ಊರಿನ ಅಂಗಡಿಯವರು ತಮ್ಮ ಮಾಲು ಇಟ್ಟು ಮಾರುವ ಆ್ಯಪ್. ಹೆಸರು ಬೇಡ, ಇಂಥವು ನಾಲ್ಕೈದು ಉಂಟಲ್ಲ, ಎಲ್ಲದರ ಕತೆಯೂ ಹೆಚ್ಚುಕಡಿಮೆ ಒಂದೇ. ಐದು ವರ್ಷದ ಮೇಲಾಯಿತು. ಲೇಸು, ಝಿಪ್ಪು, ಮೆಷಿನ್ನಿನ ಸಣ್ಣಪುಟ್ಟ ಸಾಮಾನು, ಮಗಳ ಹಳೇ ಪುಸ್ತಕ ಎಲ್ಲ ಅಲ್ಲಿಂದಲೇ. ಮಾಲಿಗೆ ನಾಲ್ಕು ಸ್ಟಾರ್ ಕೊಡುತ್ತೇನೆ. ಡೆಲಿವರಿ ಚಾರ್ಜಿಗೆ ಎರಡೂವರೆ. ಇಲ್ಲಿ ಬರೆಯುತ್ತಿರುವುದು ಆ ಎರಡೂವರೆಯ ಬಗ್ಗೆ.

ಕಳೆದ ಡಿಸೆಂಬರಿನಲ್ಲಿ ಲುಧಿಯಾನಾದ ಒಬ್ಬರಿಂದ ಬಾಬಿನ್ ಕೇಸ್ ತರಿಸಿದೆ, ಮೆಷಿನ್ನಿನ ಅಡಿಯಲ್ಲಿ ದಾರದ ಉರುಳೆ ಕೂರುವ ಸಣ್ಣ ಡಬ್ಬಿ. ಬೆಲೆ 65, ಪೋಸ್ಟ್ ಖರ್ಚು 120. ನಮ್ಮ ಪೋಸ್ಟಣ್ಣ ಕವರು ಕೊಟ್ಟು ಹೋದ ಮೇಲೆ ಅದರ ಮೇಲಿನ ಚೀಟಿ ಓದಿದೆ. ತೂಕ 38 ಗ್ರಾಂ ಅಂತ ಇತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಅಷ್ಟೇ. 50 ಗ್ರಾಂ ಒಳಗಿನದ್ದಾದರೆ ಹೊರಗಿನ ಯಾವ ಊರಿಗಾದರೂ ಸ್ಪೀಡ್ ಪೋಸ್ಟಿಗೆ 47 ರೂಪಾಯಿ. 2025ರ ಅಕ್ಟೋಬರ್ 1ರಿಂದ ಈ ದರ. 18% ಜಿಎಸ್‌ಟಿ ಸೇರಿ 55 ರೂಪಾಯಿ 46 ಪೈಸೆ. ಅಂದರೆ ನನ್ನಿಂದ ಜಾಸ್ತಿ ಹೋದದ್ದು ಇನ್ನೊಂದು ಬಾಬಿನ್ ಕೇಸಿನ ದುಡ್ಡು!

ಸಿಟ್ಟು ಬಂತು. ಆದರೆ ರಾತ್ರಿ ಮೆಷಿನ್ ಎದುರು ಕೂತಾಗ ಬೇರೆ ಯೋಚನೆ ಬಂತು. ಸೀರೆಗೆ ಫಾಲ್ಸ್ ಹಾಕಿ ದುಡ್ಡು ಕೇಳುವಾಗ ನಾನು ಬರೀ ದಾರದ ಬೆಲೆ ಕೇಳುತ್ತೇನಾ? ಅವರಿಗೂ ಕವರು ಬೇಕು, ಟೇಪು ಬೇಕು, ಪೋಸ್ಟಾಫೀಸಿನ ಲೈನಿನಲ್ಲಿ ನಿಲ್ಲಲು ಒಬ್ಬ ಹುಡುಗ ಬೇಕು. 20-30 ರೂಪಾಯಿ ಅದಕ್ಕೆ ಹೋಗಲಿ, ಸರಿ. ಅಷ್ಟಕ್ಕೇ ಬಿಟ್ಟೆ.

ಬಿಡಬಾರದಿತ್ತು. ಮುಂದಿನ ತಿಂಗಳು ಪಕ್ಕದ ಮನೆ ಅಕ್ಕನಿಗೊಂದು, ಅವರ ನಾದಿನಿಗೊಂದು, ನನಗೆ ಇನ್ನೊಂದು ಇರಲಿ ಅಂತ ಮೂರು ಒಟ್ಟಿಗೆ ಹಾಕಿದೆ. ಪೋಸ್ಟ್ ಖರ್ಚು 120 ಗುಣಿಸು ಮೂರು, 360. ಬಂದದ್ದು ಒಂದೇ ಕವರು! ಮೂರೂ ಒಂದೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಚೀಟಿಯಲ್ಲಿದ್ದ ಮೊತ್ತ ನೂರು ರೂಪಾಯಿ ಕೂಡ ಇರಲಿಲ್ಲ. ನನ್ನ ಹರುಕು ಹಿಂದಿಯಲ್ಲಿ ಮೆಸೇಜ್ ಹಾಕಿದೆ, ಚೀಟಿಯ ಫೋಟೋವನ್ನೂ ಕಳಿಸಿದೆ. "ಸಿಸ್ಟಮ್ ಹಾಗೇ ತೋರಿಸುತ್ತದೆ ಮೇಡಂ" ಅಂತ ಉತ್ತರ. ಸಿಸ್ಟಮ್ ಎಂತ ತಾನಾಗಿ ಹುಟ್ಟಿಕೊಂಡದ್ದಾ ಮಾರಾಯ್ರೆ? ಪೋಸ್ಟ್ ಖರ್ಚನ್ನು ಪೀಸಿನ ಲೆಕ್ಕಕ್ಕೆ ಹಾಕಬೇಕಾ, ಪಾರ್ಸೆಲಿನ ಲೆಕ್ಕಕ್ಕೆ ಹಾಕಬೇಕಾ ಅಂತ ಯಾರೋ ಒಬ್ಬರು ಒತ್ತಿರಬೇಕಲ್ಲ. ನಾಲ್ಕು ಸಲ ಕೇಳಿದ ಮೇಲೆ 150 ವಾಪಸ್ ಬಂತು. ಉಳಿದದ್ದು ಬರಲಿಲ್ಲ.

ಇದಕ್ಕೆ ತಿರುಗಾಮುರುಗಾ ಆದದ್ದೂ ಉಂಟು. ತಲೆದಿಂಬಿಗೆ ಒಂದು ಕಿಲೋ ಫೈಬರ್ ಹತ್ತಿ ತರಿಸಿದಾಗ ಡೆಲಿವರಿ 240 ತೋರಿಸಿತು. ಹಗಲು ದರೋಡೆ ಅಂದುಕೊಂಡೆ. ಮನೆಗೆ ಬಂದದ್ದು ನೋಡಿದರೆ ಬಾಗಿಲಲ್ಲಿ ಓರೆ ಮಾಡಿ ಒಳಗೆ ತರಬೇಕಾದಂಥ ಬಾಕ್ಸು. ಕೊರಿಯರಿನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಲೆಕ್ಕ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ದುಡ್ಡು. ನನ್ನ ಬಾಕ್ಸು 40, 30, 30. ಅಂದರೆ 7.2 ಕಿಲೋ! ಗಾಡಿಯಲ್ಲಿ ಜಾಗ ಹಿಡಿಯುವುದು ಹತ್ತಿಯೇ, ಕಬ್ಬಿಣ ಅಲ್ಲ. ಆ 240 ನ್ಯಾಯವಾದದ್ದು. ನಾನು ಬೈದು ಬರೆದಿದ್ದ ಒಂದು ಸ್ಟಾರಿನ ರಿವ್ಯೂ ಅಳಿಸಿದೆ.

"ಫ್ರೀ ಡೆಲಿವರಿ" ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಅದೇ ಲೇಸ್ ರೋಲು ಒಬ್ಬರಲ್ಲಿ 90 ಮತ್ತು ಡೆಲಿವರಿ 60, ಇನ್ನೊಬ್ಬರಲ್ಲಿ 149 ಫ್ರೀ. ಒಂದು ರೂಪಾಯಿ ಉಳಿಯಿತು, ಖುಷಿ ಪಡಿ. ನನಗೆ ಮೊದಲನೆಯವರೇ ಇಷ್ಟ, ಎರಡು ರೋಲು ಬೇಕಾದಾಗ ಲೆಕ್ಕ ಕೇಳಬಹುದು. ಕೊನೆಯ ಪುಟದವರೆಗೂ ಚಾರ್ಜು ಅಡಗಿಸಿಟ್ಟು ಆಮೇಲೆ ತೋರಿಸುವವರು ಮಾತ್ರ ಬೇಡವೇ ಬೇಡ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಒಟ್ಟು ಬೆಲೆಯನ್ನೂ ಅದರೊಳಗಿನ ಡೆಲಿವರಿ, ಪೋಸ್ಟ್, ಪ್ಯಾಕಿಂಗ್ ಖರ್ಚನ್ನೂ ಬಿಡಿಸಿ ತೋರಿಸಬೇಕು. ತೋರಿಸದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ಗ್ರಾಹಕರ ಸಹಾಯವಾಣಿ.

ನನಗೆ ಅತಿ ಹೆಚ್ಚು ಉರಿದದ್ದು ವಾಪಸ್ ಮಾಡಿದಾಗ. ಮೆರೂನ್ ಲೇಸ್ ಕೇಳಿದರೆ ಕಡು ಗುಲಾಬಿ ಕಳಿಸಿದರು. ತಪ್ಪು ಅವರದ್ದು, ಒಪ್ಪಿಕೊಂಡರು ಕೂಡ. ಲೇಸಿನ ದುಡ್ಡು ಬಂತು. ತರಿಸುವಾಗ ಕೊಟ್ಟ 70 ರೂಪಾಯಿ ಡೆಲಿವರಿ ಚಾರ್ಜು ಬರಲಿಲ್ಲ, "ಆ ಸರ್ವಿಸ್ ಮುಗಿದಿದೆ" ಅಂದರು. ಎಂತ ಸರ್ವಿಸ್? ಬೇಡದ ಬಣ್ಣವನ್ನು ನನ್ನ ಮನೆಗೆ ತಂದು ತೋರಿಸಿದ ಸರ್ವಿಸ್.

ಪುಸ್ತಕ ತರಿಸುವವರಿಗೆ ಒಂದು ಮಾತು. 2025ರ ಮೇ 1ರಿಂದ ಅಂಚೆಯವರ ಜ್ಞಾನ ಪೋಸ್ಟ್ ಅಂತ ಉಂಟು. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100, ಟ್ಯಾಕ್ಸ್ ಬೇರೆ. ಪುಸ್ತಕ ಎಲ್ಲಿಗೆ ಮುಟ್ಟಿತು ಅಂತ ಟ್ರ್ಯಾಕ್ ಮಾಡಬಹುದು. ಒಂದು ಪುಸ್ತಕಕ್ಕೆ 90 ಹಾಕುವವರಿಗೆ ನಾನು ಈಗ ಮೊದಲೇ ಕೇಳುತ್ತೇನೆ, "ಜ್ಞಾನ ಪೋಸ್ಟಲ್ಲಿ ಹಾಕ್ತೀರಾ?" ಅರ್ಧದಷ್ಟು ಜನ ಒಪ್ಪುತ್ತಾರೆ. ನೆಲದ ದಾರಿಯಲ್ಲೇ ಬರುವುದು, ಹಾಗಾಗಿ ನಿಧಾನ. ಮಳೆಗಾಲದಲ್ಲಿ ನಮ್ಮ ಕಡೆಗೆ ಕಳಿಸುವಾಗ ಎರಡು ಸುತ್ತು ಪ್ಲಾಸ್ಟಿಕ್ ಹಾಕಿ ಅಂತ ಹೇಳದಿದ್ದರೆ ಪುಸ್ತಕ ಹಪ್ಪಳ ಆಗಿರುತ್ತದೆ.

ಮೊನ್ನೆ ಮೆಷಿನ್ನಿನ ಬೆಲ್ಟ್ ಹುಡುಕುವಾಗ ಮಾರುವವರು ಮಂಗಳೂರಿನವರೇ ಸಿಕ್ಕಿದರು. ಬೆಲ್ಟಿಗೆ 110, ಡೆಲಿವರಿ 80. ಮಂಗಳೂರಿಂದ ಉಡುಪಿಗೆ! ಆದರೂ ತರಿಸಿದೆ. ಬಿಲ್ಲಿನಲ್ಲಿ ಅಂಗಡಿಯ ವಿಳಾಸ ಇತ್ತು, ಆ ಕಡೆ ಹೋಗುವ ನಮ್ಮವರ ಹತ್ತಿರ ವಿಚಾರಿಸಲು ಹೇಳಿದೆ. ಎರಡನೇ ಬೆಲ್ಟು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂತು. ಪೇಪರಿನಲ್ಲಿ ಸುತ್ತಿ, ಮೇಲೆ ಬಾಲ್‌ಪೆನ್ನಲ್ಲಿ "ಉಡುಪಿ, ಟೈಲರಕ್ಕ" ಅಂತ ಬರೆದಿತ್ತು. ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರಣ್ಣನ ಕೈಗೆ 30 ರೂಪಾಯಿ ಇಟ್ಟೆ. ರಿಟರ್ನ್ ಇಲ್ಲ, ಟ್ರ್ಯಾಕಿಂಗ್ ಇಲ್ಲ, ಬೆಲ್ಟ್ ಹರಿದರೆ ನನ್ನ ಹಣೆಬರಹ. ಅದು ಗೊತ್ತಿದ್ದೇ ಕೊಟ್ಟೆ.