ಆ್ಯಪ್ ತೋರಿಸುವ ಆಂಪಿಯರ್ ಅವರ್ ನಂಬಿ ಕ್ಯಾಂಪರ್‌ಗೆ ಲಿಥಿಯಂ ಬ್ಯಾಟರಿ ಕೊಳ್ಳಬೇಡಿ

ಹಳೆಯ ಟೆಂಪೊ ಟ್ರಾವೆಲರ್ ಕೊಂಡು ಅದನ್ನು ಸ್ವಂತ ಕೈಯಿಂದಲೇ ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರಯಾಣಿಸುವ ಗಾಡಿ) ಮಾಡಿಕೊಂಡವರು, ಮಾಡಿಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಹಾಸನದ ಒಂದು ಬ್ಯಾಟರಿ ಅಂಗಡಿಯವರು 200 ಆಂಪಿಯರ್ ಅವರ್ (1 ಆಂಪಿಯರ್ ಕರೆಂಟನ್ನು 200 ಗಂಟೆ ಕೊಡುವಷ್ಟು ಸಾಮರ್ಥ್ಯ) ಎಂದು ಹೇಳಿ ನನಗೆ ಮಾರಿದ ಲಿಥಿಯಂ ಬ್ಯಾಟರಿ ಅದರ ಮೂರನೆಯ ಒಂದು ಪಾಲನ್ನೂ ಕೊಡಲಿಲ್ಲ. 48,000 ರೂಪಾಯಿ ಹೋಯಿತು. ಹಣಕ್ಕಿಂತ ಹೆಚ್ಚಾಗಿ, ನನ್ನ ಕಣ್ಣೆದುರಿಗೇ ನನ್ನನ್ನು ನಂಬಿಸಿದ ರೀತಿ ಇವತ್ತಿಗೂ ನಿದ್ದೆ ಕೆಡಿಸುತ್ತಿದೆ.

ನಮ್ಮದು 2010ರ ಗಾಡಿ. ಚಿಕ್ಕಮಗಳೂರಿನ ಮನೆಯ ಅಂಗಳದಲ್ಲಿಯೇ ಮಾಡಿನ ಸೋರಿಕೆ ನಿಲ್ಲಿಸಿ, ತುಕ್ಕು ಹಿಡಿದ ನೆಲದ ತಗಡು ಬದಲಿಸಿ, ಮಂಚ, ಅಡುಗೆ ಕಟ್ಟೆ, ನೀರಿನ ಪಂಪು, ಸೋಲಾರ್ ಪ್ಯಾನೆಲ್ ಎಲ್ಲವನ್ನೂ ನಾನೇ ಜೋಡಿಸಿದ್ದೇನೆ. ಒಳಗಿನ ಬಳಕೆಗೆ ಇದ್ದದ್ದು 150 ಆಂಪಿಯರ್ ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ, ಮನೆಯ ಇನ್ವರ್ಟರ್‌ಗೆ ಹಾಕುವಂಥ ಸೀಸ-ಆಮ್ಲದ ಬ್ಯಾಟರಿ. ಐವತ್ತು ಕಿಲೋಗೂ ಹೆಚ್ಚು ಭಾರ, ಬಾಳಿಕೆ ಬರಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಜೊತೆಗೆ ನಮ್ಮ ತಂದೆಯವರಿಗೆ ಇನ್ಸುಲಿನ್ ಬೇಕು, ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಲು ಫ್ರಿಜ್ ರಾತ್ರಿಯಿಡೀ ಓಡಬೇಕು. ಆದ್ದರಿಂದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಲು ನಿರ್ಧರಿಸಿದೆ.

ಅಂಗಡಿಯ ಮಾಲೀಕರು ಹೇಳಿದ ಬೆಲೆ ಬೇರೆಡೆ ವಿಚಾರಿಸಿದ್ದಕ್ಕಿಂತ ಹತ್ತು ಹನ್ನೆರಡು ಸಾವಿರ ಕಡಿಮೆಯಿತ್ತು. ನಾನು ಅನುಮಾನದಿಂದಲೇ ಕೇಳಿದೆ, "ನಿಜವಾಗಿಯೂ 200 ಇದೆಯಾ?" ಅವರು ತಮ್ಮ ಮೊಬೈಲ್ ತೆಗೆದು, ಬ್ಯಾಟರಿಯೊಳಗಿನ ಬಿಎಂಎಸ್‌ಗೆ (ಸೆಲ್‌ಗಳನ್ನು ಕಾಯುವ, ಖಾಲಿಯಾದಾಗ ಕರೆಂಟ್ ಕಡಿಯುವ ಸರ್ಕ್ಯೂಟ್) ಬ್ಲೂಟೂತ್‌ನಲ್ಲಿ ಸೇರಿಸಿ ನನ್ನ ಕೈಗೇ ಕೊಟ್ಟರು. "ನೀವೇ ನೋಡಿ ಸಾರ್, ಸುಳ್ಳು ಹೇಳೋಕೆ ಮಿಷಿನ್‌ಗೆ ಬರಲ್ಲ." ಪರದೆಯ ಮೇಲೆ 200, ಚಾರ್ಜ್ ಶೇಕಡಾ 100. ಎತ್ತಿ ನೋಡಿದೆ, ಭಾರವೂ ಸರಿಯಾಗಿಯೇ ಇತ್ತು. ಬಿಲ್ ಕೇಳಿದ್ದಕ್ಕೆ, "ಬಿಲ್ ಬೇಕಂದ್ರೆ ಮೇಲೆ 18 ಪರ್ಸೆಂಟ್ ಆಗುತ್ತೆ ಸಾರ್, ನಾವು ಎಲ್ಲಿಗೂ ಓಡಿ ಹೋಗಲ್ಲ" ಎಂದು ಹೇಳಿ ವಿಸಿಟಿಂಗ್ ಕಾರ್ಡಿನ ಹಿಂದೆ 'ವಾರಂಟಿ 5 ವರ್ಷ' ಎಂದು ಪೆನ್ನಿನಲ್ಲಿ ಬರೆದುಕೊಟ್ಟರು. ನಾನು ಒಪ್ಪಿಕೊಂಡೆ. ಒಪ್ಪಬಾರದಿತ್ತು.

ಮೊದಲ ಪ್ರಯಾಣ ಮೂಡಿಗೆರೆ ಬಳಿಯ ಸಂಬಂಧಿಕರ ತೋಟಕ್ಕೆ. ಸಂಜೆ ಐದಕ್ಕೆ ಗಾಡಿ ನಿಲ್ಲಿಸಿದೆವು. ಫ್ರಿಜ್, ಎರಡು ಫ್ಯಾನು, ದೀಪ, ಇಷ್ಟೇ ಬಳಕೆ. ರಾತ್ರಿ ಮೂರು ಗಂಟೆಗೆ ಎಲ್ಲವೂ ಒಮ್ಮೆಗೇ ಆರಿಹೋಯಿತು. ಮಲಗುವ ಮುನ್ನ ಆ್ಯಪ್ ನೋಡಿದ್ದೆ, ಶೇಕಡಾ 80ರ ಮೇಲೆ ತೋರಿಸುತ್ತಿತ್ತು. ಟಾರ್ಚ್ ಹಿಡಿದು ಫ್ಯೂಸ್ ಒಂದೊಂದನ್ನೇ ಪರೀಕ್ಷಿಸಿದೆ. ತಪ್ಪು ನನ್ನ ವೈರಿಂಗ್‌ನಲ್ಲಿಯೇ ಇರಬೇಕೆಂದು ಬೆಳಗಿನವರೆಗೆ ಹುಡುಕಿದೆ. ತಂದೆಯವರ ಇನ್ಸುಲಿನ್ ಅನ್ನು ಆ ಹೊತ್ತಿನಲ್ಲಿ ತೋಟದ ಮನೆಯವರನ್ನು ಎಬ್ಬಿಸಿ ಅವರ ಫ್ರಿಜ್ಜಿನಲ್ಲಿ ಇಡಬೇಕಾಯಿತು.

ಬೆಳಿಗ್ಗೆ ಮಾಲೀಕರಿಗೆ ಫೋನ್ ಮಾಡಿದರೆ ಬಂದ ಉತ್ತರ: "ವೈರಿಂಗ್ ನೀವೇ ಮಾಡ್ಕೊಂಡಿದೀರಲ್ಲ ಸಾರ್, ಅದಕ್ಕೆ ನಾವೇನು ಮಾಡೋದು?"

ಮನೆಗೆ ಬಂದ ಮೇಲೆ ಗಾಡಿಯ ವೈರಿಂಗ್ ಅನ್ನು ಪೂರ್ತಿ ಬಿಟ್ಟು, ಬ್ಯಾಟರಿಯನ್ನು ಹೊರಗಿಟ್ಟು ತುಂಬ ಚಾರ್ಜ್ ಮಾಡಿ, 55 ವಾಟ್‌ನ ಎರಡು ಹೆಡ್‌ಲೈಟ್ ಬಲ್ಬುಗಳನ್ನು ನೇರವಾಗಿ ಜೋಡಿಸಿದೆ. ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್‌ನಲ್ಲಿ ಸುಮಾರು 9 ಆಂಪಿಯರ್ ಬಂತು. 200 ಇದ್ದಿದ್ದರೆ 22 ಗಂಟೆ ಉರಿಯಬೇಕಿತ್ತು. ಏಳು ಗಂಟೆ ಹತ್ತು ನಿಮಿಷ ಉರಿಯುವಷ್ಟರಲ್ಲಿ ಬಿಎಂಎಸ್ ಕರೆಂಟ್ ಕಡಿದುಹಾಕಿತು. ಅಂದರೆ ಸುಮಾರು 64 ಆಂಪಿಯರ್ ಅವರ್. ಬಲ್ಬು ಆರಿದ ಆ ಕ್ಷಣದಲ್ಲಿಯೂ ಆ್ಯಪ್ ತೋರಿಸುತ್ತಿದ್ದದ್ದು ಶೇಕಡಾ 68!

ಆಗ ಹೊಳೆಯಿತು. ಆ್ಯಪ್‌ನ ಸೆಟ್ಟಿಂಗ್ಸ್ ತೆರೆದು ನೋಡಿದೆ. ಸಾಮರ್ಥ್ಯವೆಂಬುದು ಬಿಎಂಎಸ್ ಅಳೆದು ಹೇಳುವ ಸಂಖ್ಯೆಯಲ್ಲ, ಜೋಡಿಸಿದವರು ತುಂಬಿಸುವ ಸಂಖ್ಯೆ. ನಾನೇ 500 ಎಂದು ಹಾಕಿದೆ, 500 ಎಂದೇ ತೋರಿಸಿತು. ಬಿಎಂಎಸ್ ಹೊರಗೆ ಹೋದ ಕರೆಂಟನ್ನು ಎಣಿಸಿ ಆ ಸಂಖ್ಯೆಯಿಂದ ಕಳೆಯುತ್ತದೆ, ಅಷ್ಟೇ. ಅಂಗಡಿಯಲ್ಲಿ ನನ್ನ ಕೈಗೆ ಕೊಟ್ಟು "ನೀವೇ ನೋಡಿ" ಎಂದದ್ದು ಅವರೇ ಬರೆದಿಟ್ಟ ಸುಳ್ಳನ್ನು. ಹದಿನೈದು ವರ್ಷಗಳಿಂದ ವೈರು, ಮೀಟರು ಹಿಡಿದ ನನಗೆ ಅದನ್ನು ಕೇಳಬೇಕೆಂದು ತೋಚಲಿಲ್ಲವೆಂಬುದನ್ನು ನೆನೆದರೆ ನಾಚಿಕೆಯಾಗುತ್ತದೆ.

ಪರೀಕ್ಷೆಯ ಪೂರ್ತಿ ವಿಡಿಯೊವನ್ನು ಮಾಲೀಕರಿಗೆ ಕಳುಹಿಸಿದೆ. ಉತ್ತರ: "ಇನ್ನೂ 68 ಇದೆಯಲ್ಲ ಸಾರ್, ಬ್ಯಾಟರಿ ಚೆನ್ನಾಗಿದೆ." ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ದಿನ ಅಂಗಡಿಗೇ ಹೋದಾಗ ಮಾಲೀಕರು ಊರಿನಲ್ಲಿಲ್ಲ ಎಂದು ಅಲ್ಲಿದ್ದವರು ಹೇಳಿದರು.

ಕೊನೆಗೆ ಪೆಟ್ಟಿಗೆ ಬಿಚ್ಚಿದೆ. ಒಳಗಿದ್ದವು 32650 ಅಳತೆಯ ಉರುಳೆ ಸೆಲ್‌ಗಳು, ನಾಲ್ಕು ಸಾಲಿಗೆ ಹದಿನೈದರಂತೆ ಅರವತ್ತು. ಸಾಲುಗಳನ್ನು ಒಂದರ ಹಿಂದೊಂದು ಜೋಡಿಸಿದಾಗ ಹೆಚ್ಚುವುದು ವೋಲ್ಟೇಜ್ ಮಾತ್ರ, ಆಂಪಿಯರ್ ಅವರ್ ಲೆಕ್ಕಕ್ಕೆ ಬರುವುದು ಒಂದು ಸಾಲಿನ ಹದಿನೈದೇ. ಒಂದೊಂದು 6 ಆಂಪಿಯರ್ ಅವರ್ ಎಂದರೂ ಹೊಸದಾಗಿದ್ದಾಗಲೇ 90 ದಾಟುವಂತಿರಲಿಲ್ಲ. ಇವುಗಳ ತುದಿಯಲ್ಲಿ ಹಳೆಯ ವೆಲ್ಡಿಂಗ್ ಕಿತ್ತ ಗುರುತುಗಳಿದ್ದವು, ಅಂದರೆ ಬೇರೆಡೆ ಬಳಸಿ ತೆಗೆದ ಸೆಲ್‌ಗಳು. ಉಳಿದ ಜಾಗದಲ್ಲಿ ಥರ್ಮೊಕೋಲ್, ಅದರ ಕೆಳಗೆ ತೂಕಕ್ಕಾಗಿ ಅಂಟಿಸಿದ ನೆಲದ ಟೈಲ್ಸ್ ತುಂಡುಗಳು. ಟೈಲ್ಸ್! ನಾನು ಎತ್ತಿ ನೋಡಿ ಭಾರ ಸರಿಯಿದೆ ಎಂದುಕೊಂಡದ್ದು ಆ ತುಂಡುಗಳನ್ನು. ಫೋಟೊ ಕಳುಹಿಸಿದ ಐದೇ ನಿಮಿಷಕ್ಕೆ ಉತ್ತರ ಬಂತು: "ಸೀಲ್ ಒಡೆದಿದೀರ, ಸೆಲ್ ನೀವೇ ಬದಲಾಯಿಸಿರಬಹುದು, ವಾರಂಟಿ ಹೋಯ್ತು." ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದರು.

ಕೊಳ್ಳುವವರು ಎರಡು ಹೆಡ್‌ಲೈಟ್ ಬಲ್ಬು, ಒಂದು ಕ್ಲಾಂಪ್ ಮೀಟರ್ ತೆಗೆದುಕೊಂಡು ಹೋಗಿ. ಪೂರ್ತಿ ಖಾಲಿಯಾಗುವವರೆಗೆ ಉರಿಸಿ ನೋಡಲು ಒಪ್ಪದ ಅಂಗಡಿಗೆ ಮುಂಗಡವನ್ನೂ ಕೊಡಬೇಡಿ. 18 ಪರ್ಸೆಂಟ್ ಹೋದರೂ ಸರಿ, ಸೀರಿಯಲ್ ನಂಬರ್ ಬರೆದ ಬಿಲ್ ಪಡೆಯಿರಿ. ಪೆಟ್ಟಿಗೆ ಬಿಚ್ಚುವುದೇ ಆದರೆ ಸೀಲ್ ಒಡೆಯುವ ಮೊದಲಿನಿಂದ ವಿಡಿಯೊ ಮಾಡಿ, ಕೈಯ ಉಂಗುರ ತೆಗೆದಿಡಿ, ಸ್ಪ್ಯಾನರ್‌ಗೆ ಟೇಪ್ ಸುತ್ತಿ. ಈ ಸೆಲ್‌ಗಳು ಶಾರ್ಟ್ ಆದರೆ ಲೋಹವೇ ಕೆಂಪಗೆ ಕಾಯುತ್ತದೆ.

ಯುಪಿಐ ಪಾವತಿಯ ದಾಖಲೆ ಮತ್ತು ವಾಟ್ಸ್ಯಾಪ್ ಸಂದೇಶಗಳನ್ನು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಅರವತ್ತು ಸೆಲ್‌ಗಳನ್ನೂ ಆ ಟೈಲ್ಸ್ ತುಂಡುಗಳನ್ನೂ ಸಾಕ್ಷಿಗಾಗಿ ಹಾಗೆಯೇ ಕಟ್ಟಿಟ್ಟಿದ್ದೇನೆ. ಗಾಡಿಯಲ್ಲಿ ಈಗ ಮತ್ತೆ ಹಳೆಯ ಟ್ಯೂಬ್ಯುಲರ್ ಬ್ಯಾಟರಿಯೇ ಕುಳಿತಿದೆ.